ಐದನೆಯ ದಿನ ಹೋದೆವು

‘ಅದೆಲ್ಲ ಆಗೋ ಮಾತಲ್ಲ ಕಣವ್ವ’ ಎಂದವರು ನಮ್ಮ ದೊಡ್ಡಮ್ಮ. ಎರಡು ಸಲ ಹಾಗಂದಿದ್ದಾರೆ. ಒಮ್ಮೆ, ಅವರ ಮಗಳು ಮಂಜುಳ ಡಿಗ್ರಿ ಮಾಡುತ್ತಾಳಂತೆ ಎಂದು ನಾನು ಹೇಳಿದಾಗ. ಇನ್ನೊಮ್ಮೆ, ಅವಳ ಮೇಲೆ ಅತ್ಯಾಚಾರ ಆಗಿದೆ ಎಂದು ಹೇಳಿದಾಗ.

ಎರಡೂ ಆದವು.

ಮಂಜುಳ ಹುಟ್ಟಿದ್ದು ಮಂಜುನಾಥನಾಗಿ. ಹದಿನೆಂಟಕ್ಕೆ ಬಳೆ ತೊಟ್ಟಳು. ಅದೇ ವರ್ಷ ಮನೆ ಬಿಡಬೇಕಾಯಿತು. ಕಡಕೊಳದ ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಕೆಲಸ ಮಾಡುತ್ತಾ ಅಂಚೆ ತೆರಪಿನ ಬಿ.ಎ.ಗೆ ಸೇರಿದಳು. ಓದಿನಲ್ಲಿ ಏನೇ ತೊಡಕಾದರೂ ವಿದ್ಯಾರಣ್ಯಪುರಂನ ನನ್ನ ಬಾಡಿಗೆ ಮನೆಗೆ ಬರುತ್ತಿದ್ದಳು. ನಮ್ಮ ಇಡೀ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು ತಾನೆ? ಗಾರೆ ಕೆಲಸದವನ ಮಗಳು, ಹಳೇ ಪುಸ್ತಕ ಬೇಡಿ ತಂದು ಓದಿದವಳು. ಆ ಜಂಬ ನನಗೆ ಇವತ್ತಿಗೂ ಇದೆ, ಸುಳ್ಳು ಯಾಕೆ ಹೇಳಲಿ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳು ಬಂದು ಬಾಗಿಲಲ್ಲೇ ಕುಸಿದಳು. ಹಿಂದಿನ ಸಂಜೆ ಕೆಲಸ ಮುಗಿಸಿ ಬರುವಾಗ ಮೂವರು ಅಡ್ಡ ಹಾಕಿದ್ದರು. ಮಿಕ್ಕಿದ್ದನ್ನು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ನಾನೇನು ಮಾಡಿದೆ ಗೊತ್ತೇ? ನೀರು ಕಾಯಿಸಿದೆ.

ನಮ್ಮಲ್ಲಿ ಹಾಗೇ ಅಲ್ಲವೇ? ಸಾವಿನ ಮನೆಗೆ ಹೋಗಿ ಬಂದರೂ ಸ್ನಾನ, ಯಾರಾದರೂ ಹೆದರಿ ಬಂದರೂ ಸ್ನಾನ. ಸೀಗೆಪುಡಿ ಹಾಕಿ ತಲೆ ತಿಕ್ಕಿ ಎರೆದೆ. ಬಟ್ಟೆಯನ್ನೆಲ್ಲ ಒಗೆದು ಹಾಕಿದೆ. (ಪೊಲೀಸರಿಗೆ ಬೇಕಾಗಿದ್ದ ಸಾಕ್ಷಿಯನ್ನು ನಾನೇ ಚರಂಡಿಗೆ ಬಿಟ್ಟೆ.) ಬಿಸಿ ಅನ್ನ, ತಿಳಿಸಾರು ಬಡಿಸಿ ಮಲಗಿಸಿದೆ. ಅವಳು ಮಲಗಿದ್ದ ಚಾಪೆಯ ನೇರ ಮೇಲೆ, ಗೋಡೆಯಲ್ಲಿ, ನನ್ನ ಡಿಗ್ರಿ ಸರ್ಟಿಫಿಕೇಟಿಗೆ ಹಾಕಿಸಿದ್ದ ಫ್ರೇಮ್.

ದೊಡ್ಡಮ್ಮನಿಗೆ ಫೋನ್ ಮಾಡಿದೆ. ‘ಗಂಡು ಮೈಗೆ ಅಂಗೆಲ್ಲ ಆಗೋ ಮಾತಲ್ಲ ಕಣವ್ವ, ಅವನು ಏನೋ ಕತೆ ಕಟ್ತಾನೆ’ ಎಂದು ಇಟ್ಟುಬಿಟ್ಟರು.

ಜ್ವರ ಬಿಡಲಿಲ್ಲ. ಐದನೆಯ ದಿನ ಆಸ್ಪತ್ರೆಗೆ ಹೋದೆವು. ಚೀಟಿ ಬರೆಸುವಲ್ಲಿ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಯಾವುದರಲ್ಲಿ ನಿಂತರೂ ಜನ ತಿರುಗಿ ನೋಡಿ ನಗುತ್ತಿದ್ದರು. ಕೊನೆಗೆ ಅವಳನ್ನು ಗೋಡೆ ಬದಿ ಕೂರಿಸಿ ನಾನೇ ನಿಂತೆ.

ಒಳಗಿದ್ದ ಡಾಕ್ಟರಮ್ಮ ನಗಲಿಲ್ಲ. ಎಲ್ಲ ಕೇಳಿಸಿಕೊಂಡು ನಿಧಾನವಾಗಿ ಹೇಳಿದರು: ‘ಮೂರು ದಿನದೊಳಗೆ ಬರಬೇಕಿತ್ತಮ್ಮ. ಎಚ್‌ಐವಿ ತಡೆಯೋ ಮಾತ್ರೆ ಕೊಡ್ತಿದ್ವಿ. ಈಗ ಕೊಟ್ಟು ಪ್ರಯೋಜನ ಇಲ್ಲ.’

ಆವತ್ತಿನ ಟೆಸ್ಟಿನಲ್ಲಿ ಏನೂ ಇರಲಿಲ್ಲ. ಮೂರು ತಿಂಗಳ ನಂತರದ ಟೆಸ್ಟಿನಲ್ಲಿ ಇತ್ತು.

ಈಗ ಅವಳು ದಿನಾ ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಾಳೆ. ಗಟ್ಟಿಯಾಗಿದ್ದಾಳೆ, ದುಡಿಯುತ್ತಾಳೆ. ಆದರೆ ಆ ಬೆಳಿಗ್ಗೆ ನೀರು ಕಾಯುವಷ್ಟು ಹೊತ್ತಿನಲ್ಲಿ ಆಟೊ ಹಿಡಿದು ಆಸ್ಪತ್ರೆ ಸೇರಬಹುದಿತ್ತು. ಅದನ್ನು ಮರೆಯಲು ನನ್ನಿಂದಾಗಿಲ್ಲ. ಹಾಗಾಗಿ ನಿಮಗೆ ಹೇಳುತ್ತಿದ್ದೇನೆ. ಹೆಣ್ಣಾಗಲಿ, ಗಂಡಾಗಲಿ, ಮಂಜುಳಳಂಥವರಾಗಲಿ, ಯಾರೇ ಹಾಗೆ ನಿಮ್ಮ ಬಾಗಿಲಿಗೆ ಬಂದರೂ ಮೊದಲು ಆಸ್ಪತ್ರೆ. ಸ್ನಾನ ಆಗಿಹೋಗಿದ್ದರೂ ಆಸ್ಪತ್ರೆ. ಪೊಲೀಸ್ ದೂರು ಕೊಡುವವರೆಗೆ ಕಾಯಬೇಕಿಲ್ಲ.

ಈ ಮೂರು ದಿನದ ವಿಷಯವನ್ನು ಮಂಜುಳ ಹೋದ ವರ್ಷವೇ ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳಿದ್ದಳು.

ಕಳೆದ ವಾರ ಅವಳ ಸರ್ಟಿಫಿಕೇಟ್ ಬಂತು. ಮಂಜುಳ ಎಂಬ ಹೆಸರಿನಲ್ಲೇ. (ಹೆಸರು ಬದಲಿಸಲು ಕಚೇರಿ ಅಲೆದದ್ದಕ್ಕೆ ಇನ್ನೊಂದು ಡಿಗ್ರಿ ಕೊಡಬೇಕು.) ಇಬ್ಬರೂ ದಟ್ಟಗಳ್ಳಿಗೆ ಹೋದೆವು. ದೊಡ್ಡಮ್ಮ ಅಲ್ಲಿ ನಾಲ್ಕು ಮನೆ ಪಾತ್ರೆ ತಿಕ್ಕುತ್ತಾರೆ. ಮನೆಗೆ ಬಾ ಎಂದು ಅವರು ಕರೆದಿರಲಿಲ್ಲ. ಕೆಲಸ ಮುಗಿಸಿ ಬರುವ ಹೊತ್ತಿಗೆ ಬಸ್ ಸ್ಟಾಪಿನಲ್ಲಿ ಕಾದೆವು.

ಮಂಜುಳ ಕವರಿನಿಂದ ಸರ್ಟಿಫಿಕೇಟ್ ತೆಗೆದು ಚಾಚಿದಳು. ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಹಾಳೆಯ ಅಂಚು ಹಿಡಿದರು. ಅವರಿಗೆ ಓದಲು ಬಾರದು. ಹೆಸರು ಎಲ್ಲಿದೆ ಎಂದು ಕೇಳಿದರು. ಮಂಜುಳ ಬೆರಳಿಟ್ಟು ತೋರಿಸಿದಳು. ಬಸ್ಸು ಬಂತು, ಹೋಯಿತು. ದೊಡ್ಡಮ್ಮ ಹತ್ತಲಿಲ್ಲ.

ಆಮೇಲೆ ಕತ್ತೆತ್ತಿ ನನ್ನನ್ನೇ ನೋಡಿದರು.

‘ನೀನೂ ಓದ್ದೆ, ಇವ್ಳೂ ಓದಿದ್ಳು. ಅಷ್ಟೊಂದು ಪುಸ್ತಕದಲ್ಲಿ ಆ ಮೂರು ದಿನದ ಮಾತು ಎಲ್ಲೂ ಬರ್ದಿರ್ಲಿಲ್ವೇನವ್ವ?’