ಒನಕೆ ಕೊಟ್ಟು ಮೈ ಇಳಿಸುವ ದುರುಗಕ್ಕ

ಚನ್ನಗಿರಿಯ ಕೋಟೆ ಬೀದಿಗೆ ಇನ್ನೂ ಬೆಳಕು ಹರಿದಿಲ್ಲ. ಜವಳಿ ಅಂಗಡಿ ರಂಗಣ್ಣನವರ ಮನೆಯ ಹಿತ್ತಲಲ್ಲಿ ಆಗಲೇ ಧಪ್, ಧಪ್ ಎಂದು ಒನಕೆಯ ಸದ್ದು ಶುರುವಾಗಿದೆ. ಒರಳಿನ ಆಚೆಗೆ ರಂಗಣ್ಣನವರ ಹೆಂಡತಿ ಚೌಡಮ್ಮ. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಾರೆ, ಹಣೆಯ ಬೆವರು ಮೂಗಿನ ತುದಿಗೆ ಇಳಿದು ತೊಟ್ಟಿಕ್ಕುತ್ತಿದೆ. ಈಚೆಗೆ ಕಡ್ಡಿಯಂಥ ಹೆಂಗಸೊಬ್ಬಳು, ತಾನೂ ಒಂದು ಒನಕೆ ಹಿಡಿದು, ಅವರದು ಏಳುವಾಗ ತನ್ನದನ್ನು ಇಳಿಸುತ್ತಾ, ಬಾಯಲ್ಲಿ ಲೆಕ್ಕ ಹಾಕುತ್ತಾ ನಿಂತಿದ್ದಾಳೆ.

"ನೂರಾ ಎಂಬತ್ತು. ಭುಜ ಎತ್ತಬ್ಯಾಡ್ರಿ, ಸೊಂಟದಿಂದ ಎತ್ರಿ. ನೂರಾ ಎಂಬತ್ತೊಂದು."

"ಸಾಕು ಕಣೇ ದುರುಗಕ್ಕ, ಕೈ ಬಿದ್ದು ಹೋದಾವು."

"ಕೈ ಎಲ್ಲಿಗೂ ಹೋಗಲ್ಲ ಬಿಡ್ರಮ್ಮ. ಇನ್ನೂರು ಮಾಡಿ ಕೂತ್ಕಳ್ರಿ."

ಇನ್ನೂರಕ್ಕೆ ಚೌಡಮ್ಮ ಜಗಲಿ ಕಟ್ಟೆಗೆ ಒರಗುತ್ತಾರೆ. ದುರುಗಕ್ಕ ಒರಳಿನಿಂದ ಅಕ್ಕಿ ಬಾಚಿ ಮೊರಕ್ಕೆ ಹಾಕಿ, ತೌಡು ಕೇರಿ, ಬೀಸುವ ಕಲ್ಲಿನ ಮುಂದೆ ಚಾಪೆ ಹಾಸುತ್ತಾಳೆ. ಇನ್ನೀಗ ಒಂದು ಸೇರು ರಾಗಿ. ಎಡಗೈಯಲ್ಲಿ ಅರ್ಧ, ಬಲಗೈಯಲ್ಲಿ ಅರ್ಧ. ಅದಾದ ಮೇಲೆ ಬಾವಿಯಿಂದ ಹತ್ತು ಕೊಡ ನೀರು. ಅಷ್ಟು ಹೊತ್ತಿಗೆ ಬಿಸಿಲು ಚಪ್ಪರಕ್ಕೆ ಬಂದಿರುತ್ತದೆ, ದುರುಗಕ್ಕ ತನ್ನ ಒನಕೆಗಳನ್ನು ಹೆಗಲಿಗೇರಿಸಿ ಮುಂದಿನ ಮನೆಯ ದಾರಿ ಹಿಡಿದಿರುತ್ತಾಳೆ.

ಇದು ಅವಳ ಕಸುಬು. ಕುಳಿತು ಉಂಡು ಮೈ ಬಂದ ಮನೆಗಳ ಹೆಂಗಸರಿಗೆ ಮನೆಯ ಒರಳು, ಬೀಸುವ ಕಲ್ಲು, ಬಾವಿಯ ರಾಟೆಗಳಿಂದಲೇ ಮೈ ಇಳಿಸಿಕೊಡುವುದು. ಗಂಡಸರಿಗಾದರೆ ಊರಲ್ಲಿ ಗರಡಿಮನೆ ಇದೆ. ಹೊಸ್ತಿಲು ದಾಟದ ಹೆಂಗಸರಿಗೆ ದುರುಗಕ್ಕನೇ ಗರಡಿ. ಅವಳ ಹತ್ತಿರ ಮೂರು ಒನಕೆಗಳಿವೆ. ಹೊಸಬರಿಗೆ ಹಗುರಾದ ಹಾಲುವಾಣ ಮರದ್ದು, ಒಂದು ತಿಂಗಳಾದ ಮೇಲೆ ಮತ್ತಿಯದ್ದು, ಪಳಗಿದವರಿಗೆ ತುದಿಗೆ ಕಬ್ಬಿಣದ ಬಳೆ ಬಡಿದ ಜಾಲಿಯದ್ದು. ದಿನಕ್ಕೆ ನಾಲ್ಕು ಮನೆ. ವಾರಕ್ಕೊಮ್ಮೆ ಹತ್ತಿರದ ಕೆರೆಬಿಳಚಿಗೂ ಹೋಗುತ್ತಾಳೆ. ನಾಲ್ಕು ಮನೆಯಲ್ಲೂ ಜೊತೆಗೆ ನಿಂತು ಕುಟ್ಟುವುದರಿಂದ ದಿನಕ್ಕೆ ಸಾವಿರ ಪೆಟ್ಟಾದರೂ ಅವಳ ಕೈ ದಾಟುತ್ತವೆ. ವಯಸ್ಸು ಐವತ್ತರ ಹತ್ತಿರ. ಅಂಗೈ ಮುಟ್ಟಿದರೆ ಬಿಸಿಲಿಗೆ ಒಣಗಿದ ಚರ್ಮದಂತಿದೆ.

ದುರುಗಕ್ಕನ ತವರು ಜಗಳೂರಿನ ಕಡೆ. ಮಳೆ ಕಂಡರೆ ಬೆಳೆ, ಇಲ್ಲದಿದ್ದರೆ ಇಲ್ಲ ಎನ್ನುವ ಸೀಮೆ. ಹದಿನಾಲ್ಕಕ್ಕೆ ಮದುವೆಯಾಗಿ ಚನ್ನಗಿರಿಗೆ ಬಂದಳು. ಗಂಡ ಸಣ್ಣತಿಮ್ಮಪ್ಪ ಭತ್ತದ ಗಾಡಿ ಹೊಡೆಯುತ್ತಿದ್ದ, ಅವಳು ಆ ಭತ್ತ ಇಳಿದ ಮನೆಗಳಲ್ಲಿ ಕುಟ್ಟುತ್ತಿದ್ದಳು. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲು ಊರಿಗೆ ಅಕ್ಕಿ ಗಿರಣಿ ಬಂತು. ಮೊದಮೊದಲು ಜನ ಗಿರಣಿ ಅಕ್ಕಿಗೆ ರುಚಿಯಿಲ್ಲ ಎಂದರು. ಮೂರು ತಿಂಗಳಲ್ಲಿ ಎಲ್ಲರ ಗಾಡಿಯೂ ಗಿರಣಿಯ ಮುಂದೆ ನಿಂತಿತ್ತು. "ಒಂದೇ ವರ್ಷದಾಗೆ ಹನ್ನೊಂದು ಮನೆ ಹೋದ್ವು. ಒನಕೆ ಮೂಲೆಗೆ ಬಿತ್ತು, ನಾನೂ ಬಿದ್ದೆ" ಎಂದು ದುರುಗಕ್ಕ ಹೇಳುತ್ತಾಳೆ. ಅದರ ಮಾರನೇ ವರ್ಷ ಸಣ್ಣತಿಮ್ಮಪ್ಪ ಜ್ವರದಲ್ಲಿ ತೀರಿಕೊಂಡ. ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅವಳು ತೋಟಗಳಲ್ಲಿ ಅಡಿಕೆ ಸುಲಿದಳು, ಕಲ್ಲು ಹೊತ್ತಳು.

ಅಡಿಕೆ ಮಂಡಿ ಇಟ್ಟಿದ್ದ ಮನೆಯ ಸಾವಂತ್ರಮ್ಮನವರಿಗೆ ಮೊಣಕಾಲು ನೋವು ಬಂದದ್ದೇ ಅವಳ ದೆಸೆ ತಿರುಗಲು ಕಾರಣ. ಮೈಭಾರ ಇಳಿಯದೆ ನೋವು ಇಳಿಯದು ಎಂದ ಡಾಕ್ಟರು, "ನಿಮ್ಮ ಮನೆಯಲ್ಲಿ ಒನಕೆ, ಒರಳು ಇಲ್ಲವೇನಮ್ಮ?" ಎಂದು ಕೇಳಿದರಂತೆ. ಒರಳಿತ್ತು, ಅದರ ಮೇಲೆ ಕೋಳಿ ಮಲಗುತ್ತಿತ್ತು. ಹಿಂದೆ ಆ ಮನೆಯಲ್ಲಿ ಭತ್ತ ಕುಟ್ಟಿದ್ದ ದುರುಗಕ್ಕನಿಗೆ ಕರೆ ಹೋಯಿತು. ಕುಟ್ಟಲು ಅಲ್ಲ, ಕುಟ್ಟಿಸಲು. ಆರು ತಿಂಗಳಲ್ಲಿ ಸಾವಂತ್ರಮ್ಮ ಕೋಲು ಬಿಟ್ಟು ನಡೆದರು. ಬೀದಿಯ ಹೆಂಗಸರೆಲ್ಲ ಕಣ್ಣರಳಿಸಿದರು.

ಇಲ್ಲಿಯವರೆಗಿನ ಕತೆಯನ್ನು ದುರುಗಕ್ಕ ನಗುನಗುತ್ತಾ ಹೇಳುತ್ತಾಳೆ. ಮುಂದಿನದನ್ನು ಹೇಳುವಾಗ ಮೊರ ಕೆಳಗಿಡುತ್ತಾಳೆ.

ಸಾವಂತ್ರಮ್ಮನವರ ಸೊಸೆ ಶಂಕರಮ್ಮ. ತವರು ಸವಳಂಗ. ದುಂಡು ಮುಖ, ತುಂಬಿದ ಮೈ, ಮಾತಾಡಿದರೆ ಗಂಟೆ ಬಾರಿಸಿದಂಥ ನಗು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಿರಲಿಲ್ಲ. ಮೈ ಬಂದದ್ದಕ್ಕೇ ಬಸಿರು ನಿಲ್ಲುತ್ತಿಲ್ಲ ಎಂದು ಯಾರೋ ಹೇಳಿದರು. ಗಂಡ ಹಾಲೇಶಪ್ಪ ಅದನ್ನು ನಂಬಿದ. ಸಾವಂತ್ರಮ್ಮ ದುರುಗಕ್ಕನನ್ನು ಹಿತ್ತಲಿಗೆ ಕರೆದು ಹೇಳಿದರು. "ಯುಗಾದಿಯೊಳಗೆ ಇವಳ ಮೈ ಇಳಿಸ್ಬೇಕು ನೋಡು. ಇಲ್ಲಾಂದ್ರೆ ಅವನು ಇನ್ನೊಂದು ಮದ್ವೆ ಆಗ್ತೀನಿ ಅಂತಾನೆ."

ಅದು ಯುದ್ಧದ ಕೊನೆಯ ವರ್ಷಗಳ ಮಾತು. ಭತ್ತವನ್ನು ಸರ್ಕಾರದವರು ಲೆವಿಗೆಂದು ಅಳೆದುಕೊಂಡು ಹೋಗುತ್ತಿದ್ದರು. ರೇಷನ್ ಅಂಗಡಿಯ ಮುಂದೆ ಬೆಳಗಿನಿಂದ ನಿಂತರೂ ಸಿಗುತ್ತಿದ್ದದ್ದು ಹುಳು ಹಿಡಿದ ಜೋಳ. ದುರುಗಕ್ಕನ ಮನೆಯಲ್ಲಿ ಮೂರು ಹೊಟ್ಟೆ. ಕೆಲಸ ಬಂತಲ್ಲ ಎಂದು ಅವಳು ಒಪ್ಪಿದಳು.

ಶಂಕರಮ್ಮ ಮೊದಲ ದಿನವೇ ನೂರು ಪೆಟ್ಟು ಹಾಕಿದಳು. ಹದಿನೈದು ದಿನಕ್ಕೆ ಮುನ್ನೂರು. ಬೀಸುವ ಕಲ್ಲನ್ನು ನಿಲ್ಲಿಸು ಎಂದರೂ ನಿಲ್ಲಿಸುತ್ತಿರಲಿಲ್ಲ. ಅಮಾವಾಸ್ಯೆಗೊಮ್ಮೆ ಹಾಲೇಶಪ್ಪ ಹೆಂಡತಿಯನ್ನು ಮಂಡಿಗೆ ಕರೆದೊಯ್ದು, ಕದ ಮುಂದಕ್ಕೆ ಮಾಡಿ, ಅಡಿಕೆ ಮೂಟೆ ತೂಗುವ ತಕ್ಕಡಿಯಲ್ಲಿ ಕೂರಿಸುತ್ತಿದ್ದ. ಮೊದಲ ಸಲ ಏಳೂವರೆ ಮಣ, ಅಂದರೆ ನೂರಾ ಎಂಬತ್ತೈದು ಪೌಂಡು, ತೂಗಿದ್ದಳು. ತೂಕಕ್ಕೆ ಕೂತು ಬಂದ ದಿನ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆ ನಗು ಮೊದಲು ನಿಂತದ್ದು ಆಗಲೇ ಎಂದು ದುರುಗಕ್ಕನಿಗೆ ಈಗ ಅನ್ನಿಸುತ್ತದೆ.

ಒಂದು ಬೆಳಗ್ಗೆ, ಕುಟ್ಟುವುದು ಮುಗಿದ ಮೇಲೆ, ಶಂಕರಮ್ಮ ಬಾಳೆ ಎಲೆಯ ಪೊಟ್ಟಣವೊಂದನ್ನು ದುರುಗಕ್ಕನ ಮಡಿಲಿಗೆ ಹಾಕಿದಳು. ಎರಡು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಒಂದು ಮುದ್ದೆ ಬೆಣ್ಣೆ.

"ನಿನ್ನ ಮಕ್ಕಳಿಗೆ ಒಯ್ಯಿ ದುರುಗಕ್ಕ. ನಂಗೆ ಹಸಿವಿಲ್ಲ."

ದುರುಗಕ್ಕ ಒಯ್ದಳು. ಮಕ್ಕಳು ಬೆಣ್ಣೆ ಕಂಡು ಎಷ್ಟೋ ತಿಂಗಳಾಗಿತ್ತು. ಚಿಕ್ಕವಳು ಕಾಟಮ್ಮ ಎಲೆಯನ್ನೂ ನೆಕ್ಕಿದಳು. ಮಾರನೇ ದಿನವೂ ಪೊಟ್ಟಣ ಬಂತು. ಅದರ ಮಾರನೇ ದಿನವೂ. ಆಮೇಲೆ ಅದು ದಿನದ ರೂಢಿಯಾಯಿತು. ಅತ್ತೆಯ ಕಣ್ಣಿಗೆ ತಟ್ಟೆ ಬಡಿಸಿಕೊಂಡಂತೆ ಕಾಣಬೇಕು, ಊಟ ಮಾತ್ರ ಹಿತ್ತಲ ದಾರಿ ಹಿಡಿಯಬೇಕು. ಅಷ್ಟನ್ನು ಶಂಕರಮ್ಮ ಚೆನ್ನಾಗಿ ಕಲಿತಿದ್ದಳು.

"ನಂಗೆ ಗೊತ್ತಿರಲಿಲ್ಲ ಅಂತ ಹೇಳಿದ್ರೆ ನಾಲಿಗೆ ಬಿದ್ದು ಹೋದೀತು" ಎನ್ನುತ್ತಾಳೆ ದುರುಗಕ್ಕ. "ಮೂರನೇ ದಿನಕ್ಕೇ ಗೊತ್ತಾತು. ಒನಕೆ ಇಳಿಸಿದಾಗ ಆ ತಾಯಿ ಕೈ ನಡುಗ್ತಿತ್ತು. ಉಂಡ ಕೈ ಹಂಗೆ ನಡುಗಲ್ಲ. ಬರಗಾಲದ ಸೀಮೆಯಾಗೆ ಹುಟ್ಟಿದೋಳು ನಾನು, ಹಸಿದ ಕೈ ಹೆಂಗಿರ್ತೈತೆ ಅಂತ ನಂಗೆ ಯಾರೂ ಹೇಳಿಕೊಡಬೇಕಿಲ್ಲ. ಆದ್ರೂ ಸುಮ್ಕಿದ್ದೆ. ನಾಳೆ ಹೇಳಾಣ ಅಂತಿದ್ದೆ. ನಾಳೆ ಬಂದಾಗ ಪೊಟ್ಣಾನೂ ಬರ್ತಿತ್ತಲ್ಲ."

ಶಂಕರಮ್ಮನ ತೂಕ ಸರಸರನೆ ಇಳಿಯಿತು. ಆರೂವರೆ ಮಣ, ಆರು, ಐದೂ ಕಾಲು. ಹಾಲೇಶಪ್ಪ ಮಂಡಿಗೆ ಬಂದವರಿಗೆಲ್ಲ ದುರುಗಕ್ಕನ ಕೈಗುಣ ಹೊಗಳಿದ. ಹೊಸದಾಗಿ ಮೂರು ಮನೆಗಳಿಂದ ಕರೆ ಬಂತು. ಸಾವಂತ್ರಮ್ಮ ಹಳೆಯ ಸೀರೆಯೊಂದನ್ನು ಕೊಟ್ಟರು. ಅದನ್ನು ಉಟ್ಟುಕೊಂಡು ನೀರು ತರಲು ಹೊರಟಾಗ ತನಗೆ ಹೆಮ್ಮೆಯಾಗಿತ್ತು ಎಂಬುದನ್ನೂ ದುರುಗಕ್ಕ ಮುಚ್ಚಿಡುವುದಿಲ್ಲ.

ಯುಗಾದಿಗೆ ಹನ್ನೆರಡು ದಿನ ಇದ್ದಾಗ, ನಾನೂರು ಪೆಟ್ಟು ದಾಟಿದ ಮೇಲೆ, ಶಂಕರಮ್ಮನ ಕೈಯಿಂದ ಒನಕೆ ಜಾರಿತು. ಅವಳು ಒರಳಿನ ಮೇಲೆಯೇ ಮುಗ್ಗರಿಸಿ ಬಿದ್ದಳು. ದುರುಗಕ್ಕ ಎತ್ತಿಕೊಂಡಾಗ ಮೈ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತಂತೆ. ಹಣೆ ಒಡೆದು ರಕ್ತ ಬರುತ್ತಿತ್ತು. ಒಳಗಿನಿಂದ ಓಡಿ ಬಂದ ಸಾವಂತ್ರಮ್ಮ, "ಏನಾಯ್ತೇ? ಬೆಳಗ್ಗೆ ಎರಡು ರೊಟ್ಟಿ ತಿಂದಿದ್ಲಲ್ಲ!" ಎಂದು ಕೂಗಿಕೊಂಡರು. ಅಂದು ಕುಟ್ಟುವ ಮೊದಲೇ ಕೈಸೇರಿದ್ದ ಆ ಎರಡು ರೊಟ್ಟಿ ಆಗ ದುರುಗಕ್ಕನ ಮಡಿಲಲ್ಲಿ ಇನ್ನೂ ಬೆಚ್ಚಗಿದ್ದವು. ಅವಳು ಬಾಯಿ ಬಿಡಲಿಲ್ಲ.

ಅಂದಿನಿಂದ ಶಂಕರಮ್ಮ ಹಾಸಿಗೆ ಹಿಡಿದಳು. ಜ್ವರ ಬಂತು, ಹೋಯಿತು, ಮತ್ತೆ ಬಂತು. ತಲೆಗೂದಲು ಉದುರಿತು. ಉಣ್ಣಿಸಿದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅಣ್ಣ ಬಂದು ಗಾಡಿಯಲ್ಲಿ ಮಲಗಿಸಿಕೊಂಡು ಸವಳಂಗಕ್ಕೆ ಕರೆದೊಯ್ದ. ಕಾರಹುಣ್ಣಿಮೆ ಕಳೆಯುವಷ್ಟರಲ್ಲಿ ಹಾಲೇಶಪ್ಪ ಇನ್ನೊಂದು ಮದುವೆ ಮಾಡಿಕೊಂಡ. ಆ ಹೆಣ್ಣೂ ತುಂಬಿದ ಮೈಯವಳೇ. ಅದರ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ದುರುಗಕ್ಕ ಎರಡು ವರ್ಷ ಒನಕೆ ಮುಟ್ಟಲಿಲ್ಲ. ಕರೆಯಲು ಬಂದವರಿಗೆ ಸೊಂಟ ನೋವು ಎಂದು ಹೇಳಿ ಕಳಿಸಿದಳು, ಮತ್ತೆ ಅಡಿಕೆ ಸುಲಿಯಲು ಹೋದಳು. ಕೊನೆಗೊಂದು ದಿನ ತಡೆಯಲಾರದೆ, ಹೊನ್ನಾಳಿ ಕಡೆ ಹೊರಟಿದ್ದ ಗಾಡಿ ಹತ್ತಿದಳು. ಹೊಳೆ ದಾಟಿ, ನ್ಯಾಮತಿ ಹಾದು, ಸವಳಂಗಕ್ಕೆ ನಡೆದೇ ಹೋದಳು. ಎರಡು ದಿನದ ದಾರಿ.

ಶಂಕರಮ್ಮ ಪಡಸಾಲೆಯಲ್ಲಿ ಕೂತು ಹೆಸರುಕಾಳು ಆರಿಸುತ್ತಿದ್ದಳು. ಗುರುತು ಹಿಡಿಯಲು ದುರುಗಕ್ಕನಿಗೇ ಹೊತ್ತು ಹಿಡಿಯಿತು. ಇಪ್ಪತ್ತಾರರ ಹೆಣ್ಣು ಐವತ್ತರವಳಂತೆ ಕಾಣುತ್ತಿದ್ದಳು. "ಬಾ ದುರುಗಕ್ಕ, ಇಷ್ಟು ದೂರ ಬಂದ್ಯಾ" ಎಂದು ನೀರು ಕೊಟ್ಟಳು. ಮಕ್ಕಳ ಸುದ್ದಿ ಕೇಳಿದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ದುರುಗಕ್ಕ ನೀರಿನ ಚೊಂಬು ಕೆಳಗಿಟ್ಟು ಒಂದೇ ಉಸಿರಿಗೆ ಹೇಳಿದಳು.

"ನಿನ್ನ ಅನ್ನ ನಾನು ಉಣ್ಣಬಾರದಿತ್ತು ತಾಯಿ. ಗೊತ್ತಿದ್ದೂ ಉಂಡೆ. ತಪ್ಪಾತು."

ಶಂಕರಮ್ಮ ಕಾಳು ಆರಿಸುವುದನ್ನು ನಿಲ್ಲಿಸಿದಳು.

"ನಾನೇ ಕೊಟ್ಟಿದ್ದಲ್ಲ, ನೀನೇನು ಕದ್ಯಾ?" ಎಂದಳು. ಕಾಳನ್ನು ಒಂದು ಕಡೆಗೆ ಸರಿಸಿ ಮತ್ತೆ ಹೇಳಿದಳು. "ಆದ್ರೆ ಒಂದು ದಿನ ನೀನು, 'ಇದು ಬ್ಯಾಡ, ನೀನೇ ಉಣ್ಣು' ಅಂದಿದ್ರೆ ಉಣ್ತಿದ್ದೆ ದುರುಗಕ್ಕ. ಆ ಮನ್ಯಾಗೆ ಇಳಿದ್ಯಾ ಇಳಿದ್ಯಾ ಅಂತ ಎಲ್ರೂ ಕೇಳೋರು. ಉಣ್ಣು ಅಂತ ಒಬ್ರೂ ಅನ್ನಲಿಲ್ಲ. ಈಗ ಅಣ್ಣ, ಅತ್ತಿಗೆ ದಿನಾ ಅಂತಾರೆ. ಈಗ ನಂಗೆ ಹಸಿವೇ ಆಗಲ್ಲ."

ದುರುಗಕ್ಕ ಆ ಸಂಜೆ ಅಲ್ಲಿಯೇ ಉಳಿದಳು. ಶಂಕರಮ್ಮ ಅರ್ಧ ರೊಟ್ಟಿ ಮುರಿದು ಅದನ್ನೂ ಬಿಟ್ಟೆದ್ದದ್ದನ್ನು ಕಣ್ಣಾರೆ ನೋಡಿದಳು.

ಊರಿಗೆ ಮರಳಿದ ಮೇಲೆ ಅವಳು ಒನಕೆಗಳನ್ನು ಮತ್ತೆ ಹೊರತೆಗೆದಳು. ಆದರೆ ಕರೆಯಲು ಬಂದ ಮನೆಯವರ ಮುಂದೆ ಒಂದು ಕಟ್ಟಳೆ ಇಟ್ಟಳು. ಮೈ ಇಳಿಸಿಕೊಳ್ಳುವವರು ತನ್ನ ಕಣ್ಣ ಮುಂದೆ ಉಣ್ಣಬೇಕು. ಮಿತವಾಗಿಯೇ ಇರಲಿ, ತುಪ್ಪ ಬೇಡ, ಆದರೆ ಹೊಟ್ಟೆ ತುಂಬ ಇರಬೇಕು. ದೊಡ್ಡ ಮನೆಗಳ ಅಡುಗೆ ಕೋಣೆಗೆ ಅವಳಿಗೆ ಪ್ರವೇಶವಿಲ್ಲ. ಹಿತ್ತಲ ಬಾಗಿಲ ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕೂತು, ಒಳಗೆ ತಟ್ಟೆ ಬರಿದಾಗುವವರೆಗೂ ನೋಡುತ್ತಾಳೆ. ಇದೇನು ಅಧಿಕಪ್ರಸಂಗ ಎಂದು ಎರಡು ಮನೆಯವರು ಅವಳನ್ನು ಬಿಡಿಸಿದ್ದಾರೆ. ತಾನು ಹೋದ ಯಾವ ಮನೆಯಲ್ಲೂ ಅವಳು ಒಂದು ತುತ್ತೂ ಮುಟ್ಟುವುದಿಲ್ಲ, ಹಬ್ಬದ ದಿನವೂ.

"ಒಂದು ತಿಂಗಳಿಗೆ ಅರ್ಧ ಮಣ ಇಳಿದ್ರೆ ನಂಗೆ ಖುಷಿ ಇಲ್ಲ, ಹೆದರಿಕೆ ಆಗ್ತೈತೆ" ಎನ್ನುತ್ತಾಳೆ. "ಮೂರು ಸೇರು ಇಳೀಲಿ, ನಾಕು ಸೇರು ಇಳೀಲಿ. ಮೈಯಾಗೆ ಕಸುವು ಇರ್ಬೇಕು. ತಕ್ಕಡಿ ಮೇಲೆ ಕೂರಿಸಬ್ಯಾಡ್ರಿ ಅಂತ ಗಂಡಸರಿಗೂ ಹೇಳ್ತೀನಿ. ಕೇಳೋರು ಕೇಳ್ತಾರೆ."

ಮಕ್ಕಳಿಬ್ಬರಿಗೂ ಮದುವೆಯಾಗಿದೆ. ಆ ರೊಟ್ಟಿ ಎಲ್ಲಿಂದ ಬರುತ್ತಿತ್ತು ಎಂದು ಅವರಿಗೆ ಇಂದಿಗೂ ಹೇಳಿಲ್ಲ. ಹೇಳಿದರೆ ಅವರೂ ಹೊತ್ತುಕೊಂಡು ತಿರುಗಬೇಕಾಗುತ್ತದೆ, ತನ್ನೊಬ್ಬಳಿಗೇ ಇರಲಿ ಎನ್ನುತ್ತಾಳೆ.

ಬಿಸಿಲು ಏರಿದೆ. ಚೌಡಮ್ಮ ನೀರು ಸೇದಿ ಮುಗಿಸಿದ್ದಾರೆ, ಮುಖ ಕೆಂಪಾಗಿದೆ, ಮೊದಲಿನ ಹಾಗೆ ಏದುಸಿರಿಲ್ಲ. ಇಷ್ಟೆಲ್ಲ ಮಾಡುವ ನಿನಗೆ ಏನು ಬೇಕು ದುರುಗಕ್ಕ ಎಂದರೆ ಅವಳು ಒನಕೆಗಳನ್ನು ಹಗ್ಗದಿಂದ ಬಿಗಿದು ಹೆಗಲಿಗೇರಿಸುತ್ತಾಳೆ.

"ನಂಗೇನು ಬೇಕ್ರಿ? ಸವಳಂಗದ ಕಡೆಯಿಂದ ಸಂತೆಗೆ ಬಂದೋರು ಕಂಡ್ರೆ ನಿಲ್ಲಿಸಿ ಕೇಳ್ತೀನಿ. ಬದುಕ್ಯಾರೆ ಅಂತಾರೆ, ಅಷ್ಟೇ ಅಂತಾರೆ. ಒಂದಿನ ಯಾರಾದ್ರೂ ಬಂದು, 'ಶಂಕರಮ್ಮ ನಿನ್ನೆ ಹೊಟ್ಟೆ ಹಸಿತೈತೆ ಅಂತ ತಾನೇ ಬಾಯಿ ಬಿಟ್ಟು ಕೇಳಿ ಇಸ್ಕಂಡು ಉಂಡ್ಲು' ಅಂತ ಹೇಳಿದ್ರೆ ಸಾಕು."