ನಾಲ್ಕನೆಯ ಬದು

ಗುಲ್ಬರ್ಗಾದಲ್ಲಿ ನಮಗೆ ಕಂಪ್ಯೂಟರ್ ಗ್ರಾಫಿಕ್ಸ್ ಕಲಿಸುತ್ತಿದ್ದ ಸರ್ ನಿಂಬರ್ಗಾದವರು. ಕೊಡ, ಎತ್ತು, ಮನುಷ್ಯ, ಯಾವ ಆಕಾರ ಕೊಟ್ಟರೂ ಅದರ ಮೈ ಕರಗಿಸಿ ಒಳಗಿನ ಎಲುಬಿನಂಥ ಗೆರೆಯನ್ನಷ್ಟೇ ಉಳಿಸುವುದು ಅವರ ಹುಚ್ಚು. ಎರಡೂ ಅಂಗೈಗಳನ್ನು ಮೆಲ್ಲಗೆ ಹತ್ತಿರ ತರುತ್ತ, “ಸುತ್ತ ಎಲ್ಲಾ ಕಡಿಂದ ಬರ್ರಿ, ನಡು ತಾನೇ ಸಿಗ್ತದ” ಎನ್ನುತ್ತಿದ್ದರು. ನಮಗೆ ಮಾತ್ರ ಏನೂ ಸಿಗುತ್ತಿರಲಿಲ್ಲ.

ಪರೀಕ್ಷೆ ಹತ್ತಿರವಾದಾಗ ಒಂದು ಭಾನುವಾರ ನಮ್ಮನ್ನು ತಮ್ಮ ಹೊಲಕ್ಕೇ ಕರೆದೊಯ್ದರು. ರಾಶಿ ಮುಗಿದು ಜೋಳದ ಕೂಳೆ ಒಣಗಿ ನಿಂತಿತ್ತು. ನಾಲ್ಕೂ ಬದುಗಳಿಂದ ಒಮ್ಮೆಗೇ ಬೆಂಕಿ ಹಚ್ಚಿದರೆ ಉರಿಗಳು ಎಲ್ಲಿ ಕೂಡುತ್ತವೆಯೋ ಅದೇ ಹೊಲದ ಎಲುಬು ಎಂದು ಹೇಳಿ ನಮ್ಮ ಕೈಗೆ ಕಡ್ಡಿಪೆಟ್ಟಿಗೆ ಕೊಟ್ಟರು. ಮೂರು ಕಡೆ ಹೊತ್ತಿಕೊಂಡಿತು. ನಾಲ್ಕನೆಯ ಬದುವಿನಲ್ಲಿ ನಾನು ಕಡ್ಡಿ ಗೀರುವಷ್ಟರಲ್ಲಿ ಸರ್ ಓಡಿಬಂದು ಕೈ ಹಿಡಿದರು.

“ಬ್ಯಾಡ, ಬ್ಯಾಡ. ನಡುವ ಮೊಲ ಅದ, ಅದಕ್ಕ ದಾರಿ ಬೇಕು.”

ಮೊಲ ನಮ್ಮ ಕಾಲ ಬಳಿಯೇ ಹಾದು ಓಡಿತು. ಬೆಂಕಿಯೂ ಅದರ ಹಿಂದೆಯೇ ಬಂದು ಬದುವಿಗೆ ತಾಗಿ ಆರಿತು.

“ಸರ್, ನಡು ಸಿಗಲೇ ಇಲ್ಲಲ್ರಿ,” ಎಂದೆ.

ಸರ್ ಮುಖದ ಮಸಿ ಒರೆಸಿಕೊಂಡರು.

“ಕಂಪ್ಯೂಟರ್‌ನ್ಯಾಗ ಮೊಲ ಇರಂಗಿಲ್ಲಪ್ಪ. ಪರೀಕ್ಷಾದಾಗ ನಾಲ್ಕೂ ಕಡಿ ಹಚ್ಚರಿ.”