ಹೆಸರಿಗೊಬ್ಬ ಶಶಿ

ನಾನು ಬಾಡಿಗೆಗಿದ್ದ ವಿರಾಜಪೇಟೆಯ ಮಳಿಗೆ ಮಾರಾಟಕ್ಕಿತ್ತು. ಅದನ್ನು ಕೊಳ್ಳುವವರನ್ನು ಕಂಡು ಬೇಡಿಕೊಂಡರೆ ನನ್ನ ಕರಿಮೆಣಸಿನ ಅಂಗಡಿ ಉಳಿದೀತೆಂದು, ಮಾರಾಟ ಕುದುರಿಸುತ್ತಿದ್ದ ದಲ್ಲಾಳಿಯ ಫೋನಿಗೆ ಕಾದಿದ್ದೆ. ಮೆಣಸು ಕೊಳ್ಳಲು ಬಂದ ಹುಡುಗಿಯೊಬ್ಬಳು ಸ್ನೇಹಿತರು ಪಾತ್ರ ಹಾಕಿ ಆಡುವ ಯಾವುದೋ ಸೈಬರ್‌ಪಂಕ್ ಎಂಬ, ಮುಂದಿನ ಕಾಲದ ಕಂಪ್ಯೂಟರ್ ಲೋಕದ ಆಟಕ್ಕೆ ಕತೆ ಬರೆಯುತ್ತಿದ್ದಳಂತೆ. ಅದರಲ್ಲಿ ಮುಖ ತೋರಿಸದ ಗಿರಾಕಿಗಳಿಗೆ ಗಂಡೋ ಹೆಣ್ಣೋ ತಿಳಿಯದ ಹೆಸರು ಬೇಕೆಂದಳು.

“ಶಶಿ, ಕಿರಣ, ಮಂಜು. ಬರ್ಕೊಳ್ಳಮ್ಮ.”

“ಇಷ್ಟು ಬೇಗ ಹೇಗೆ ಹೊಳೀತು ಅಂಕಲ್?”

“ನಾವು ತೋಟದವರ ಮೆಣಸನ್ನು ದೊಡ್ಡ ಪಾರ್ಟಿಗಳಿಗೆ ಕೊಡಿಸೋರು. ತೋಟದವರು ಹೆಸರು ತಿಳಿದು ನೇರ ಅವರ ಹತ್ರ ಹೋದ್ರೆ ನಮಗೇನು ಕಮಿಷನ್ ಉಳೀತದೆ? ಅದಕ್ಕೇ ಕೊಳ್ಳೋ ಪಾರ್ಟಿಗಳಿಗೆಲ್ಲ ನಾವಿಡೋ ಸುಳ್ಳು ಹೆಸರು ಇವೇ.”

ಅವಳು ನಗುತ್ತಿದ್ದಾಗಲೇ ದಲ್ಲಾಳಿಯ ಫೋನ್ ಬಂತು. ಮಳಿಗೆ ಮಾರಾಟವಾಗಿತ್ತು, ತಿಂಗಳ ಕೊನೆಗೆ ಖಾಲಿ ಮಾಡಬೇಕಂತೆ.

“ಯಾರು ಮಾರಾಯ ಕೊಂಡದ್ದು? ಒಮ್ಮೆ ಮಾತಾಡ್ತೇನೆ.”

“ಶಶಿ ಅಂತ ಇಟ್ಕೊಳ್ಳಿ ಸಾಹುಕಾರ್ರೇ,” ಎಂದ ದಲ್ಲಾಳಿ.

ಕಾಲಿಗೆ ಬೀಳೋಣವೆಂದರೂ ಅಣ್ಣಾ ಎನ್ನಬೇಕೋ ಅಕ್ಕಾ ಎನ್ನಬೇಕೋ ಗೊತ್ತಾಗಲಿಲ್ಲ.